ಕೂದಲೆಳೆಯ ಓರೆ, ಬೆರಳಿನ ಬೆಲೆ

ಮಹಾನಗರದ ಕನ್ನಡ ಸಂಘಗಳಲ್ಲಿ ಆರೋಗ್ಯದ ಮಾತು ಬಂದೊಡನೆ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದ್ರೋಗಗಳ ಪ್ರಸ್ತಾಪ ಬರುತ್ತದೆ. ಅದು ಬರಬೇಕಾದದ್ದೇ. ಆದರೆ ಬಿಡುವಿನ ವೇಳೆಯ ಹವ್ಯಾಸಗಳಿಂದ ದೇಹಕ್ಕೆ ಒದಗಬಹುದಾದ ಅಪಾಯದ ಕಡೆಗೆ ಗಮನ ಹರಿಯುವುದು ವಿರಳ. ಮುಂಬಯಿ, ಪುಣೆಗಳಂಥ ಊರುಗಳಲ್ಲಿ ನಿವೃತ್ತಿಯ ಅಂಚಿನಲ್ಲಿರುವವರೂ ಕಚೇರಿಯ ಕಡತಗಳಿಂದ ದಣಿದ ನಡುವಯಸ್ಸಿನವರೂ ಮರಗೆಲಸವನ್ನು ಹವ್ಯಾಸವಾಗಿ ಹಿಡಿಯುವುದುಂಟು. ಬಾಲ್ಕನಿಯ ಒಂದು ಮೂಲೆಯೋ, ಕಾರು ನಿಲ್ಲಿಸುವ ಶೆಡ್ಡೋ ಅವರ ಕಾರ್ಯಾಗಾರವಾಗುತ್ತದೆ. ಉಳಿ, ಉಜ್ಜುಗೊರಡುಗಳಿಂದ ಆರಂಭವಾದ ಹವ್ಯಾಸ ಒಂದು ದಿನ ಮೇಜುಗರಗಸಕ್ಕೆ, ಅಂದರೆ ಬಡಗಿಗಳು ‘ಟೇಬಲ್ ಸಾ’ ಎಂದು ಕರೆಯುವ ವಿದ್ಯುತ್ ಯಂತ್ರಕ್ಕೆ, ಬಂದು ನಿಲ್ಲುತ್ತದೆ.

ಈ ಯಂತ್ರವನ್ನು ಕೊಳ್ಳುವಾಗ ಮೋಟಾರಿನ ಶಕ್ತಿಯನ್ನೂ ಬ್ಲೇಡಿನ ಹಲ್ಲುಗಳ ಸಂಖ್ಯೆಯನ್ನೂ ವಿಚಾರಿಸುವವರು ಬಹಳ. ಆ ಬ್ಲೇಡು ಮೇಜಿಗೆ ನೇರವಾಗಿ ಕುಳಿತಿದೆಯೇ ಎಂದು ವಿಚಾರಿಸುವವರು ಕಡಿಮೆ. ಒಮ್ಮೆ ನೇರವಾಗಿದ್ದದ್ದು ಈಗಲೂ ನೇರವಾಗಿದೆಯೇ ಎಂದು ನೋಡುವವರಂತೂ ಇನ್ನೂ ಕಡಿಮೆ. ಈ ಪರೀಕ್ಷೆಯನ್ನು ಕುಶಲಿಗಳ ಚಪಲವೆಂದು ತಳ್ಳಿಹಾಕುವುದು ಸರಿಯಲ್ಲ. ಇದು ಬೆರಳುಗಳ ಆರೋಗ್ಯಕ್ಕೆ ಸಂಬಂಧಿಸಿದ ಕರ್ತವ್ಯವಾಗಿದೆ.

ಓರೆಯಾದರೆ ಆಗುವುದೇನು?

ಮನೆಬಳಕೆಯ ಮೇಜುಗರಗಸದಲ್ಲಿ ಸಾಮಾನ್ಯವಾಗಿ 10 ಅಂಗುಲ, ಅಂದರೆ 254 ಮಿಲಿಮೀಟರ್ ವ್ಯಾಸದ ಬ್ಲೇಡು ಇರುತ್ತದೆ. ಅದು ನಿಮಿಷಕ್ಕೆ 4000 ಸುತ್ತು ತಿರುಗಿದರೆ ಅದರ ಹಲ್ಲುಗಳ ವೇಗ ಗಂಟೆಗೆ ಸುಮಾರು 190 ಕಿಲೋಮೀಟರ್ ಆಗುತ್ತದೆ. ಬ್ಲೇಡಿನ ಮುಂಭಾಗದ ಹಲ್ಲುಗಳು ಮರವನ್ನು ಮೇಜಿನತ್ತ ಅದುಮುತ್ತ ಕೊಯ್ಯುತ್ತವೆ. ಹಿಂಭಾಗದ ಹಲ್ಲುಗಳಾದರೋ ಮೇಜಿನಿಂದ ಮೇಲಕ್ಕೇಳುತ್ತವೆ. ಮರವನ್ನು ಉದ್ದಕ್ಕೆ ಸೀಳುವಾಗ ಅದಕ್ಕೆ ದಾರಿ ತೋರಿಸುವ ‘ಫೆನ್ಸ್’ ಎಂಬ ಪಟ್ಟಿ ಬ್ಲೇಡಿಗೆ ಸಮಾನಾಂತರವಾಗಿದ್ದರೆ, ಕೊಯ್ದು ಮುಗಿದ ಮರ ಹಿಂಭಾಗದ ಹಲ್ಲುಗಳನ್ನು ಒತ್ತದೆ ಜಾರಿಹೋಗುತ್ತದೆ. ಫೆನ್ಸಿನ ಹಿಂತುದಿ ಬ್ಲೇಡಿನ ಕಡೆಗೆ ಸ್ವಲ್ಪ ವಾಲಿದ್ದರೂ ಮರ ಅವೆರಡರ ನಡುವೆ ಸಿಕ್ಕಿಕೊಳ್ಳುತ್ತದೆ. ಆಗ ಮೇಲೇಳುವ ಹಲ್ಲುಗಳು ಅದನ್ನು ಎತ್ತಿ, ನಿಂತವನ ಹೊಟ್ಟೆ ಎದೆಗಳತ್ತ ಎಸೆಯುತ್ತವೆ. ಬಡಗಿಗಳು ಇದನ್ನು ‘ಕಿಕ್‌ಬ್ಯಾಕ್’ ಎನ್ನುತ್ತಾರೆ. ಮರ ಹಾರಿದ ಕ್ಷಣದಲ್ಲಿ ಅದನ್ನು ಒತ್ತಿ ಹಿಡಿದಿದ್ದ ಕೈ ಆಸರೆ ತಪ್ಪಿ ಬ್ಲೇಡಿನ ಮೇಲೆ ಬೀಳುವುದೂ ಉಂಟು.

ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಅಂದಾಜಿನಂತೆ, 2015ರಲ್ಲಿ ಆ ದೇಶದಲ್ಲಿ ಮೇಜುಗರಗಸದ ಬ್ಲೇಡು ತಾಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬಂದ ಪ್ರಕರಣಗಳು ಸುಮಾರು 30,800. ಅವುಗಳಲ್ಲಿ ಅಂಗಚ್ಛೇದವಾದವು ಸುಮಾರು 4,700. ಇವೆಲ್ಲವೂ ಯಂತ್ರದ ಓರೆಯಿಂದಲೇ ಆದವೆಂದು ಯಾರೂ ಹೇಳಲಾರರು. ಅವಸರ, ಅಜಾಗರೂಕತೆ, ಕಳಚಿಟ್ಟ ರಕ್ಷಾಕವಚ ಇವುಗಳ ಪಾಲೂ ಇದ್ದೇ ಇರುತ್ತದೆ. ಆದರೆ ಮನುಷ್ಯನ ಗಮನ ಎಂದಾದರೊಂದು ದಿನ ತಪ್ಪುವುದು ಸಹಜ. ಆ ದಿನ ಯಂತ್ರವೂ ತಪ್ಪಬಾರದೆಂಬುದೇ ಇಲ್ಲಿಯ ವಾದ.

ಪರೀಕ್ಷೆಯ ಕ್ರಮ

ಮೊದಲು ಪ್ಲಗ್ಗನ್ನು ಕಿತ್ತಿಡಬೇಕು. ಸ್ವಿಚ್ಚು ಆರಿಸಿದರಷ್ಟೇ ಸಾಲದು. ಬಳಿಕ ಬ್ಲೇಡನ್ನು ಪೂರ್ತಿ ಮೇಲಕ್ಕೆತ್ತಿ ಒಂದು ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕಬೇಕು. ಮೇಜಿನ ಮೇಲ್ಮೈಯಲ್ಲಿ ಉದ್ದಕ್ಕೆ ಕೊರೆದ ಕಾಲುವೆಯೇ ಎಲ್ಲ ಅಳತೆಗಳಿಗೂ ಮೂಲ. ಅದರಲ್ಲಿ ಅಲುಗಾಡದೆ ಜಾರುವ ಒಂದು ಮರದ ತುಂಡಿಗೆ ತಿರುಪುಮೊಳೆ ಹಾಕಿ, ಮೊಳೆಯ ತಲೆ ಗುರುತಿನ ಹಲ್ಲನ್ನು ಬ್ಲೇಡಿನ ಮುಂಭಾಗದಲ್ಲಿ ಸೋಕುವಂತೆ ಹೊಂದಿಸಬೇಕು. ಅನಂತರ ಬ್ಲೇಡನ್ನು ಕೈಯಿಂದ ತಿರುಗಿಸಿ ಅದೇ ಹಲ್ಲನ್ನು ಹಿಂಭಾಗಕ್ಕೆ ತಂದು, ತುಂಡನ್ನೂ ಹಿಂದಕ್ಕೆ ಜಾರಿಸಿ ನೋಡಬೇಕು. ಅದೇ ಹಲ್ಲು ಏಕೆಂದರೆ, ಬ್ಲೇಡಿನಲ್ಲೇ ಸಣ್ಣ ಬಾಗು ಇದ್ದರೂ ಅಳತೆ ಕೆಡಬಾರದು.

ಎರಡು ಕಡೆಯ ಅಳತೆಗಳ ವ್ಯತ್ಯಾಸ 0.1 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಮನೆಯ ಕೆಲಸಕ್ಕೆ ಸಾಕು. ಡಯಲ್ ಗೇಜ್ ಇದ್ದರೆ ಉತ್ತಮ. ಇಲ್ಲದಿದ್ದರೆ ಕಚೇರಿಯಲ್ಲಿ ಬಳಸುವ ಸಾಮಾನ್ಯ ಬಿಳಿಯ ಹಾಳೆಯೇ ಅಳತೆಗೋಲು. ಅದರ ದಪ್ಪವೂ ಸುಮಾರು ಅಷ್ಟೇ, ಒಂದು ದಪ್ಪ ಕೂದಲೆಳೆಯಷ್ಟು. ಮುಂದೆ ಮೊಳೆ ಹಲ್ಲಿಗೆ ಸೋಕುತ್ತಿದ್ದು, ಹಿಂದೆ ಅವೆರಡರ ನಡುವೆ ಹಾಳೆ ಸಲೀಸಾಗಿ ನುಸುಳಿದರೆ ಬ್ಲೇಡು ಓರೆಯಾಗಿದೆಯೆಂದೇ ಅರ್ಥ. ಹಿಂದಕ್ಕೆ ಜಾರಿಸುವಾಗ ಮೊಳೆಯೇ ಹಲ್ಲಿಗೆ ತಡೆದು ನಿಂತರೆ ಓರೆ ಎದುರು ದಿಕ್ಕಿಗಿದೆ. ಸಣ್ಣ ಯಂತ್ರಗಳಲ್ಲಿ ಬ್ಲೇಡನ್ನು ಹೊತ್ತ ಭಾಗ ಮೇಜಿನ ತಳಕ್ಕೆ ಬೋಲ್ಟುಗಳಿಂದ ಬಿಗಿದಿರುತ್ತದೆ. ಅವುಗಳನ್ನು ತುಸು ಸಡಿಲಿಸಿ, ಮರದ ಸುತ್ತಿಗೆಯಿಂದ ಮೆಲ್ಲನೆ ತಟ್ಟಿ ಸರಿಪಡಿಸಬೇಕು. ಬಿಗಿಯುವಾಗ ಮತ್ತೆ ಸರಿಯುವುದರಿಂದ, ಬಿಗಿದ ಮೇಲೆ ಇನ್ನೊಮ್ಮೆ ಅಳೆಯುವುದು ಕಡ್ಡಾಯ.

ಬ್ಲೇಡಿನ ನಂತರ ಫೆನ್ಸಿನ ಸರದಿ. ಇದನ್ನೂ ಅದೇ ಕಾಲುವೆಗೆ ಸಮಾನಾಂತರವಾಗಿ ನಿಲ್ಲಿಸಬೇಕು. ಹಿಂತುದಿಯನ್ನು ಅರ್ಧ ಹಾಳೆಯಷ್ಟು ದೂರ ಸರಿಸುವ ಪದ್ಧತಿ ಕೆಲವರಲ್ಲಿದೆ. ಅದರಲ್ಲಿ ತಪ್ಪಿಲ್ಲ. ಆದರೆ ಬ್ಲೇಡಿನ ಕಡೆಗೆ ವಾಲುವುದನ್ನು ಮಾತ್ರ ಎಂದಿಗೂ ಸಹಿಸಬಾರದು. ಮೂರನೆಯದು ಬ್ಲೇಡಿನ ಬೆನ್ನಿಗೆ ನಿಲ್ಲುವ ‘ರೈವಿಂಗ್ ನೈಫ್’ ಎಂಬ ಉಕ್ಕಿನ ಪಟ್ಟಿ. ಕೊಯ್ದ ಮರ ಮತ್ತೆ ಕೂಡಿಕೊಂಡು ಬ್ಲೇಡನ್ನು ಹಿಸುಕದಂತೆ ಅದು ತಡೆಯುತ್ತದೆ. ಅದು ಬ್ಲೇಡಿನ ನೇರದಲ್ಲೇ ಇರಬೇಕು. ಅಡ್ಡಿಯೆಂದು ಕಳಚಿಟ್ಟಿದ್ದರೆ ಅದನ್ನು ಅಟ್ಟದಿಂದ ಇಳಿಸಿ ಮತ್ತೆ ತೊಡಿಸಬೇಕು.

ಕೊನೆಯದು ಲಂಬಕೋನ. ಮೂಲೆಮಟ್ಟವನ್ನು ಹಲ್ಲುಗಳಿಗೆ ತಾಗಿಸದೆ ಬ್ಲೇಡಿನ ಮೈಗೆ ಆನಿಸಿ ನೋಡಬೇಕು. ಅನುಮಾನ ಉಳಿದರೆ ಒಂದು ಹಲಗೆಯನ್ನು ಅಡ್ಡಕ್ಕೆ ಕೊಯ್ದು, ಒಂದು ತುಂಡನ್ನು ಮಗುಚಿ, ಕೊಯ್ದ ಅಂಚುಗಳನ್ನು ಜೋಡಿಸಬಹುದು. ನಡುವೆ ಕಾಣುವ ಸಂದು ನಿಜವಾದ ದೋಷದ ಇಮ್ಮಡಿಯಾಗಿರುವುದರಿಂದ ಕಣ್ಣಿಗೆ ಸುಲಭವಾಗಿ ಬೀಳುತ್ತದೆ.

ಎಷ್ಟು ದಿನಕ್ಕೊಮ್ಮೆ?

ಲೆಕ್ಕವನ್ನು ತಾಳೆ ನೋಡಲು ಗೊತ್ತಾದ ದಿನಗಳಿರುವಂತೆ ಇದಕ್ಕೂ ಇರಬೇಕು. ಯಂತ್ರ ಮನೆಗೆ ಬಂದ ದಿನ ಮೊದಲ ಪರೀಕ್ಷೆ. ವರ್ಗಾವಣೆಯ ನೌಕರಿಯಲ್ಲಿರುವ ಕನ್ನಡಿಗರ ಸಾಮಾನುಗಳು ಚೆನ್ನೈಯಿಂದ ಹೈದರಾಬಾದಿಗೆ, ಹೈದರಾಬಾದಿನಿಂದ ದೆಹಲಿಗೆ ಲಾರಿಯಲ್ಲಿ ಕುಲುಕುತ್ತ ಸಾಗುತ್ತವೆ. ಹಾಗೆ ಸಾಗಿ ಬಂದ ಗರಗಸವನ್ನು ಅಳೆಯದೆ ಚಾಲೂ ಮಾಡುವುದು ಸಾಹಸವೇ ಸರಿ. ಒಮ್ಮೆ ಮರ ಹಿಂದಕ್ಕೆ ಎಸೆಯಲ್ಪಟ್ಟರೆ, ಕೊಯ್ದ ಅಂಚಿನಲ್ಲಿ ಸುಟ್ಟ ಕಪ್ಪು ಕಲೆ ಕಂಡರೆ, ಅಂದೇ ಪರೀಕ್ಷಿಸಬೇಕು. ಬ್ಲೇಡು ಮೊಂಡಾದರೂ ಕಲೆ ಬೀಳುತ್ತದೆ, ನಿಜ. ಆದರೆ ಹೊಸ ಬ್ಲೇಡು ತರಲು ಅಂಗಡಿಗೆ ಹೋಗುವ ಮುನ್ನ ಓರೆಯನ್ನು ನೋಡುವುದರಿಂದ ಹಣವೂ ಉಳಿದೀತು.

ಕರಾವಳಿಯ ನಗರಗಳಲ್ಲಿ ಮಳೆಗಾಲದ ಮೊದಲು ಒಮ್ಮೆ, ಕಳೆದ ಮೇಲೆ ಒಮ್ಮೆ ನೋಡುವುದು ಅಗತ್ಯ. ಉಪ್ಪುಗಾಳಿಗೆ ಎರಕದ ಕಬ್ಬಿಣದ ಮೇಜು ತುಕ್ಕು ಹಿಡಿದು ಮರ ಜಾರದೆ ತಡೆಯುತ್ತದೆ. ತಡೆದ ಮರವನ್ನು ಮನುಷ್ಯ ಬಲವಾಗಿ ತಳ್ಳುತ್ತಾನೆ. ಬಲವಾಗಿ ತಳ್ಳಿದ ಕೈಯೇ ಜಾರುವ ಕೈ. ಆದ್ದರಿಂದ ತುಕ್ಕನ್ನು ಉಜ್ಜಿ ತೆಗೆದು ಮೇಣ ಸವರಿಡಬೇಕು.

ಎರಡು ಆಕ್ಷೇಪಗಳು

“ನಮ್ಮ ಬಡಗಿಗಳು ಇದಾವುದನ್ನೂ ಮಾಡುವುದಿಲ್ಲವಲ್ಲ?” ಎಂದು ಕೇಳುವವರಿದ್ದಾರೆ. ದಿನವೂ ಎಂಟು ಗಂಟೆ ಕೊಯ್ಯುವವನ ಕಿವಿ ಶಬ್ದದಿಂದಲೇ ಓರೆಯನ್ನು ಗುರುತಿಸಬಲ್ಲದು. ಭಾನುವಾರ ಒಂದು ಗಂಟೆ ಕೊಯ್ಯುವವನಿಗೆ ಆ ಕಿವಿ ಬಂದಿರುವುದಿಲ್ಲ. ಅಲ್ಲದೆ, ಕೈಯಲ್ಲಿ ಹಿಡಿಯುವ ವಿದ್ಯುತ್ ಗರಗಸವನ್ನು ಪ್ಲೈವುಡ್ಡಿನ ಹಲಗೆಯ ಕೆಳಗೆ ಮಗುಚಿ ಬಿಗಿದು, ಕವಚವಿಲ್ಲದೆ ದುಡಿಯುವ ಬಡಗಿಗಳು ಎಲ್ಲ ನಗರಗಳಲ್ಲೂ ಕಾಣಸಿಗುತ್ತಾರೆ. ಅದು ಬಡತನದ ಅನಿವಾರ್ಯ. ಅನುಕೂಲವಿದ್ದವರು ಅದನ್ನು ಮಾದರಿಯಾಗಿ ಎತ್ತಿಹಿಡಿಯುವುದು ನ್ಯಾಯವಲ್ಲ.

ಚರ್ಮ ತಾಗಿದೊಡನೆ ಸೆಕೆಂಡಿನ ಸಾವಿರದ ಐದು ಭಾಗದಷ್ಟರಲ್ಲಿ ನಿಲ್ಲುವ ಗರಗಸವೇ ಬಂದಿದೆಯಲ್ಲ ಎಂಬುದು ಎರಡನೆಯ ಆಕ್ಷೇಪ. ಅಮೆರಿಕದ ಸ್ಟೀಫನ್ ಗ್ಯಾಸ್ 1999ರಲ್ಲಿ ರೂಪಿಸಿದ, 2004ರಿಂದ ಮಾರಾಟಕ್ಕೆ ಬಂದ ಆ ಯಂತ್ರ ಮೆಚ್ಚತಕ್ಕದ್ದೇ. ಆದರೆ ಅದು ಬೆರಳನ್ನು ಉಳಿಸೀತೇ ಹೊರತು ಹಾರಿಬರುವ ಮರವನ್ನು ತಡೆಯಲಾರದು. ಓರೆಯನ್ನು ತಾನಾಗಿ ತಿದ್ದಿಕೊಳ್ಳುವುದೂ ಇಲ್ಲ.

ಸಂಘಗಳು ಮಾಡಬಹುದಾದದ್ದು

ಸಂಘಗಳು ಉಚಿತ ರಕ್ತದೊತ್ತಡ ತಪಾಸಣೆಯ ಶಿಬಿರಗಳನ್ನು ನಡೆಸುವುದುಂಟು. ಹಾಗೆಯೇ ಗ್ರಂಥಾಲಯದ ಕಪಾಟಿನಲ್ಲಿ ಒಂದು ಡಯಲ್ ಗೇಜನ್ನೂ ಒಂದು ಒಳ್ಳೆಯ ಮೂಲೆಮಟ್ಟವನ್ನೂ ಇಟ್ಟು, ಪುಸ್ತಕದಂತೆ ಸದಸ್ಯರಿಗೆ ಎರವಲು ಕೊಡಬಹುದು. ವರ್ಷಕ್ಕೊಂದು ಭಾನುವಾರ ಅನುಭವಿ ಬಡಗಿಯೊಬ್ಬರನ್ನು ತಕ್ಕ ಸಂಭಾವನೆ ಕೊಟ್ಟು ಕರೆಸಿ ಪ್ರಾತ್ಯಕ್ಷಿಕೆ ಏರ್ಪಡಿಸಬಹುದು. ಅಂದು ವೈದ್ಯರೊಬ್ಬರೂ ಇದ್ದು, ಬೆರಳು ತುಂಡಾದರೆ ಅದನ್ನು ಒದ್ದೆಮಾಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಭದ್ರಪಡಿಸಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಟ್ಟು ಆಸ್ಪತ್ರೆಗೆ ಒಯ್ಯಬೇಕೆಂಬುದನ್ನೂ, ಬೆರಳನ್ನು ನೇರವಾಗಿ ಮಂಜುಗಡ್ಡೆಯಲ್ಲಿ ಹುದುಗಿಸಬಾರದೆಂಬುದನ್ನೂ ತಿಳಿಸಿಕೊಟ್ಟರೆ ಇನ್ನೂ ಒಳಿತು.

ಆ ತಿಳಿವಳಿಕೆ ಯಾರಿಗೂ ಬೇಕಾಗದಿರಲಿ. ಬೇಕಾಗದಂತೆ ನೋಡಿಕೊಳ್ಳಲು ತಗಲುವ ಖರ್ಚು ಒಂದು ಬಿಳಿಯ ಹಾಳೆ ಮತ್ತು ಅರ್ಧ ಗಂಟೆಯ ಬಿಡುವು.