ಒಂದೇ ಸೀಟಿನ ಗೆಳೆಯರು
ಪಿಜಿ ಪ್ರವೇಶದ ದಿನಗಳಲ್ಲಿ ಹುಣಸೂರಿನಿಂದ ಬೆಳಗಿನ ಮೈಸೂರು ಬಸ್ಸು ಹತ್ತಿ ನೋಡಿ. ಮೂವರ ಸೀಟಿನಲ್ಲಿ ನಾಲ್ವರು ಒತ್ತರಿಸಿ ಕೂತಿರುತ್ತಾರೆ. ಪಿರಿಯಾಪಟ್ಟಣದವನ ತೊಡೆಯ ಮೇಲೆ ಹಳೇ ಪ್ರಶ್ನೆಪತ್ರಿಕೆಯ ಜೆರಾಕ್ಸು, ಹನಗೋಡಿನವಳ ಕೈಯಲ್ಲಿ ಅಂಕಪಟ್ಟಿಗಳ ಪ್ಲಾಸ್ಟಿಕ್ ಕವರು, ಒಂದೇ ಪೆನ್ನು ನಾಲ್ಕು ಕೈ ದಾಟುತ್ತದೆ. ಬಿಳಿಕೆರೆ ಬರುವಷ್ಟರಲ್ಲಿ ಚಿತ್ರಾನ್ನದ ಡಬ್ಬಿಯೂ ಖಾಲಿ. ಈ ಅಣ್ಣತಮ್ಮಂದಿರ ಪ್ರೀತಿ ಮೆರಿಟ್ ಲಿಸ್ಟ್ ಬರುವ ತನಕ. ಆಮೇಲೆ ‘ನಿನಗೇನಪ್ಪಾ, ಕೆಟಗರಿ ಇದೆ’ ಅಂತ ಒಬ್ಬ ಅಂದರೆ ಸಾಕು, ವಾಪಸ್ ಬರುವಾಗ ಕಿಟಕಿಗೆ ಮುಖ ಮಾಡಿ ಕೂರುತ್ತಾರೆ. 1972ರಲ್ಲಿ ಹಿಂದುಳಿದ ವರ್ಗಗಳ ಮೀಸಲಾತಿಗಾಗಿ ಹಾವನೂರು ಆಯೋಗ ನೇಮಿಸಿದ ಮುಖ್ಯಮಂತ್ರಿ ದೇವರಾಜ ಅರಸು ಇದೇ ಹುಣಸೂರಿನ ಶಾಸಕರಾಗಿದ್ದರು ಎಂಬುದನ್ನು ಈ ಮಕ್ಕಳಿಗೆ ಯಾರೂ ಹೇಳಿದಂತಿಲ್ಲ. ಹೇಳಿದ್ದರೆ ಆ ‘ಕೆಟಗರಿ’ ಮಾತು ಅಷ್ಟು ಸಲೀಸಾಗಿ ಬಾಯಿಗೆ ಬರುತ್ತಿರಲಿಲ್ಲ. ಸೀಟು ಸಿಗದ ಸಿಟ್ಟು ನ್ಯಾಯವೇ, ಆದರೆ ಅದು ಹೋಗಬೇಕಾದ್ದು ಸೀಟು ಹೆಚ್ಚಿಸದವರ ಮೇಲೆ, ಪಕ್ಕ ಕೂತವನ ಮೇಲಲ್ಲ. ಕುವೆಂಪು ಕುಲಪತಿಯಾಗಿದ್ದಾಗ, 1960ರಲ್ಲಿ, ಮೈಸೂರು ವಿಶ್ವವಿದ್ಯಾಲಯದ ಪಿಜಿ ಕ್ಯಾಂಪಸ್ಸು ಮಾನಸಗಂಗೋತ್ರಿ ಶುರುವಾದದ್ದು ಇಂಥ ಹಳ್ಳಿ ಬಸ್ಸಿನವರಿಗಾಗಿಯೂ. ಈ ಸಲ ಅರ್ಜಿ ಹಾಕುವವರಿಗೆ ಒಂದೇ ಮಾತು: ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆಯೇ ಎಂದು ಇವತ್ತೇ ನೋಡಿಕೊಳ್ಳಿ, ಪಕ್ಕದವನಿಗೂ ನೋಡಲು ಹೇಳಿ.