ಏಳು ಮೊಳದ ಹಾದಿ

ಕಲಬುರಗಿಯ ಅಂಚಿನ ಕೋಟನೂರ ಭಾಗದಲ್ಲಿ ಪ್ಲಾಟ್ ಕೊಳ್ಳಲು ಹೊರಟ ನಮ್ಮವರು ದಲ್ಲಾಳಿಯನ್ನು ಕೇಳುವ ಪ್ರಶ್ನೆ ಒಂದೇ: 'ಎನ್.ಎ. ಆಗಿದೆಯೇ?' ಆಗಿದೆಯೆಂದರೆ ಸಾಕು, ಗಲ್ಫಿನ ಬೆವರೂ ಪತ್ನಿಯ ಒಡವೆಯೂ ಅವನ ಕೈಸೇರುತ್ತವೆ. ಆದರೆ ಎನ್.ಎ. ಎಂಬುದು ಕೃಷಿಭೂಮಿಯನ್ನು ಅನ್ಯ ಉದ್ದೇಶಕ್ಕೆ ಬಳಸುವ ಅನುಮತಿ ಮಾತ್ರ. ಅದನ್ನು ತುಂಡರಿಸಿ ಮಾರಲು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 17ನೇ ಕಲಮಿನಂತೆ ಪ್ರಾಧಿಕಾರದ ಮಂಜೂರಾತಿ ಬೇರೆಯೇ ಬೇಕು. ರಸ್ತೆ, ಚರಂಡಿ, ಉದ್ಯಾನಗಳು ನಿರ್ಧಾರವಾಗುವುದು ಆ ನಕ್ಷೆಯಲ್ಲಿ. ಬಡಾವಣೆಯ ರಸ್ತೆ ಸಾಮಾನ್ಯವಾಗಿ 9 ಮೀಟರಿಗೆ ಕಡಿಮೆಯಿರಕೂಡದು. ಸುಣ್ಣದ ಗೆರೆಯೆಳೆದು ಮಾರುವವನಿಗೋ ರಸ್ತೆಗೆ ಬಿಟ್ಟ ಪ್ರತಿ ಅಡಿಯೂ ನಷ್ಟ.

ದಾರಿಯ ಬಗ್ಗೆ ತಕರಾರಾದರೆ ಏಳು ಮೊಳ ಬಿಡಬೇಕೆಂಬ ಪ್ರವಾದಿವರ್ಯರ(ಸ) ತೀರ್ಪು ಬುಖಾರಿಯಲ್ಲಿ ದಾಖಲಾಗಿದೆ. ಹೇರು ಹೊತ್ತ ಒಂಟೆ ಸಾಗುವ ಕಾಲಕ್ಕೆ ಆ ಸುಮಾರು ಹತ್ತೂವರೆ ಅಡಿ ಸಾಕಿತ್ತು. ಇಂದು ಸಾಗಬೇಕಾದುದು ಆಂಬುಲೆನ್ಸ್, ಅಗ್ನಿಶಾಮಕ ವಾಹನ. ಹದೀಸನ್ನು ಬಾಯಿಪಾಠ ಒಪ್ಪಿಸುವ ನಾವೇ ಮನೆಯ ಮೆಟ್ಟಿಲನ್ನು ರಸ್ತೆಗೆ ಚಾಚುತ್ತೇವೆ! (ಮಸೀದಿಯ ಮೆಟ್ಟಿಲೂ ಕೆಲವೆಡೆ ಇದಕ್ಕೆ ಹೊರತಲ್ಲ.) ಬಯಾನಾ ಕೊಡುವ ಮುನ್ನ ಮಂಜೂರಾದ ನಕ್ಷೆ ಕೇಳೋಣ, ಟೇಪು ಹಿಡಿದು ರಸ್ತೆ ಅಳೆಯೋಣ. ನಕ್ಷೆ ತೋರಿಸಲಾರದವನು ನಮ್ಮದೇ ಸಫ್‌ನಲ್ಲಿ ನಿಲ್ಲುವವನಾದರೂ ಬಯಾನಾ ನಮ್ಮ ಜೇಬಿನಲ್ಲೇ ಉಳಿಯಲಿ.