ಹೆಸರನ್ನು ಹೊರಗಿಟ್ಟ ಪ್ರಾರ್ಥನೆ

ಚಾಮುಂಡಿ ಬೆಟ್ಟದ ಮೇಲೆ ನಿಂತು ಮೈಸೂರನ್ನು ನೋಡಿದರೆ ಅರಮನೆ, ಲಲಿತಮಹಲುಗಳ ಜೊತೆಗೆ ಸಂತ ಫಿಲೋಮಿನಾ ಚರ್ಚಿನ ಜೋಡಿ ಗೋಪುರಗಳೂ ಕಾಣುತ್ತವೆ. ಆ ಚರ್ಚಿಗೆ 1933ರ ಅಕ್ಟೋಬರ್ 28ರಂದು ಅಡಿಗಲ್ಲಿಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ಬೆಟ್ಟದ ತಾಯಿಯನ್ನು ಕುಲದೇವತೆಯಾಗಿ ಪೂಜಿಸುವ ದೊರೆ ಪರಮತದ ಗುಡಿಗೆ ಕಲ್ಲಿಟ್ಟರು. ಇದಕ್ಕಾಗಿ ಅವರು ತಾಯಿಯ ಹೆಸರನ್ನು ಬಿಡಬೇಕಾಗಲಿಲ್ಲ, ಕ್ರೈಸ್ತರು ಕ್ರಿಸ್ತನ ಹೆಸರನ್ನು ಮರೆಮಾಡಬೇಕಾಗಲಿಲ್ಲ. ಕ್ರೈಸ್ತನಾದವನು ಫ್ರೀಮೇಸನ್ ಸಂಘದಂಥ ಗುಪ್ತ ಸೋದರಸಂಘವನ್ನು ಸೇರಬಹುದೇ ಎಂಬ ಹಳೆಯ ಪ್ರಶ್ನೆಗೆ ಉತ್ತರ ಹುಡುಕುವಾಗ ನನಗೆ ಮತ್ತೆ ಮತ್ತೆ ಎದುರಾಗುವುದು ಈ ಸಂಗತಿಯೇ.

ಮೊದಲು ಆ ಸಂಘದ ಆಕರ್ಷಣೆಯನ್ನು ನ್ಯಾಯವಾಗಿ ಹೇಳಬೇಕು. 1717ರಲ್ಲಿ ಲಂಡನ್ನಿನಲ್ಲಿ ಲಾಡ್ಜುಗಳೆಂಬ ನಾಲ್ಕು ಸ್ಥಳೀಯ ಶಾಖೆಗಳು ಕೂಡಿ ಮಹಾಲಾಡ್ಜ್ ಕಟ್ಟಿಕೊಂಡವು. ಮುಂದಿನ ಒಂದೂವರೆ ದಶಕದೊಳಗೆ ಸಂಘ ಕಲ್ಕತ್ತಕ್ಕೂ ಬಂತು. ಆಮೇಲೆ ಈಸ್ಟ್ ಇಂಡಿಯಾ ಕಂಪನಿಯ ಪಡೆಗಳು ಹೋದಲ್ಲೆಲ್ಲ ಹೋಯಿತು. ಸ್ವತಂತ್ರ ಭಾರತದ ಮಹಾಲಾಡ್ಜ್ ಸ್ಥಾಪನೆಯಾದದ್ದು 1961ರಲ್ಲಿ. ಸೇರುವವನು ಒಬ್ಬ ಪರಮಾತ್ಮನನ್ನು ನಂಬಬೇಕು. ಯಾವ ಪರಮಾತ್ಮ ಎಂದು ಕೇಳುವುದಿಲ್ಲ. ಇಲ್ಲಿಯ ಲಾಡ್ಜುಗಳ ಪೀಠದ ಮೇಲೆ ಬೈಬಲ್ ಪಕ್ಕದಲ್ಲಿ ಗೀತೆ, ಕುರಾನುಗಳೂ ಇರುತ್ತವೆ. ಬಿಳಿಯರ ಕ್ಲಬ್ಬಿನೊಳಗೆ ಭಾರತೀಯನಿಗೆ ಕಾಲಿಡಲು ಬಿಡದಿದ್ದ ಕಾಲದಲ್ಲಿ ಹಿಂದೂ, ಪಾರ್ಸಿ, ಮುಸ್ಲಿಂ ಮತ್ತು ಇಂಗ್ಲಿಷ್ ಅಧಿಕಾರಿ ಒಂದೇ ಕೋಣೆಯಲ್ಲಿ ಸೋದರರೆಂದು ಕರೆದುಕೊಂಡದ್ದು ಸಣ್ಣ ಮಾತಲ್ಲ. ವಿವೇಕಾನಂದರು ಸನ್ಯಾಸಿಯಾಗುವ ಮೊದಲು, 1884ರಲ್ಲಿ, ಕಲ್ಕತ್ತದ ಲಾಡ್ಜೊಂದನ್ನು ಸೇರಿದ್ದರು. ಬಡವರಿಗೆ, ರೋಗಿಗಳಿಗೆ, ಸತ್ತ ಸದಸ್ಯರ ಹೆಂಡತಿ ಮಕ್ಕಳಿಗೆ ಈ ಸಂಘ ಕೊಟ್ಟ ನೆರವನ್ನೂ ಅಲ್ಲಗಳೆಯಬಾರದು.

ಇನ್ನು ಇದನ್ನು ವಿರೋಧಿಸಿದವರ ಚರಿತ್ರೆ. ಅದರಲ್ಲಿ ನಾವು ಕ್ರೈಸ್ತರು ತಲೆ ತಗ್ಗಿಸಬೇಕಾದ ಪುಟಗಳಿವೆ. 1738ರಲ್ಲಿ ಪೋಪ್ ಹನ್ನೆರಡನೆಯ ಕ್ಲೆಮೆಂಟ್ ಕಥೋಲಿಕರಿಗೆ ಈ ಸಂಘವನ್ನು ನಿಷೇಧಿಸಿದರು. ಐದೇ ವರ್ಷಕ್ಕೆ ಲಿಸ್ಬನ್ನಿನ ಧರ್ಮವಿಚಾರಣಾಧಿಕಾರಿಗಳು ಜಾನ್ ಕೂಸ್ಟೋಸ್ ಎಂಬ ಮೇಸನ್‌ನನ್ನು ಹಿಡಿದು ಚಿತ್ರಹಿಂಸೆ ಕೊಟ್ಟರು. 1880ರ ದಶಕದಲ್ಲಿ ಲಿಯೊ ತಾಕ್ಸಿಲ್ ಎಂಬ ಫ್ರೆಂಚ್ ಲೇಖಕ ಮೇಸನ್ನರು ಸೈತಾನನನ್ನು ಪೂಜಿಸುತ್ತಾರೆಂದು ಪುಸ್ತಕದ ಮೇಲೆ ಪುಸ್ತಕ ಬರೆದ. ಧರ್ಮಗುರುಗಳೇ ಅವನ್ನು ನಂಬಿ ಹಂಚಿದರು. 1897ರ ಏಪ್ರಿಲ್‌ನಲ್ಲಿ ಅವನು ಪ್ಯಾರಿಸ್ಸಿನ ತುಂಬಿದ ಸಭೆಯಲ್ಲಿ ನಿಂತು ಅದೆಲ್ಲ ತನ್ನ ಕಟ್ಟುಕಥೆಯೆಂದು ಒಪ್ಪಿಕೊಂಡ. ಆದರೂ ಆ ಕಥೆಗಳು ಸಾಯಲಿಲ್ಲ. ಯಹೂದಿಗಳೂ ಮೇಸನ್ನರೂ ಸೇರಿ ಲೋಕವನ್ನು ಆಳುತ್ತಿದ್ದಾರೆಂಬ ಸುಳ್ಳನ್ನು ನಾಜಿಗಳು ಬಳಸಿಕೊಂಡರು. ಅದೇ ಸುಳ್ಳು ಇವತ್ತು ಕನ್ನಡಕ್ಕೂ ಇಳಿದು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದೆ. ನೆರೆಯವನ ಮೇಲೆ ಸುಳ್ಳುಸಾಕ್ಷಿ ಹೇಳಕೂಡದೆಂಬ ಆಜ್ಞೆ ಮೇಸನ್ನರ ವಿಷಯದಲ್ಲೂ ಆಜ್ಞೆಯೇ. ಲಾಡ್ಜಿಗೆ ಹೋಗುವ ಡಾಕ್ಟರೋ ವಕೀಲರೋ ಸೈತಾನನ ಭಕ್ತರಲ್ಲ. ನನ್ನ ಆಕ್ಷೇಪಕ್ಕೆ ಈ ಅಪಪ್ರಚಾರದ ಆಸರೆ ಬೇಡ.

ಗುಟ್ಟು ಎಂಬುದಷ್ಟನ್ನೇ ಹಿಡಿದು ಆಕ್ಷೇಪಿಸುವುದೂ ಸಾಲದು. ಆದಿ ಸಭೆಯಲ್ಲಿ ದೀಕ್ಷಾಸ್ನಾನವಾಗದವರನ್ನು ಪ್ರಭುಭೋಜನಕ್ಕೆ ಮೊದಲೇ ಹೊರಗೆ ಕಳಿಸುತ್ತಿದ್ದರು. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಪಾದ್ರಿ ಪ್ರಾಣ ಹೋದರೂ ಹೇಳುವಂತಿಲ್ಲ. ಆದರೆ ಆ ಗುಟ್ಟು ಕಾಯುವುದು ಪಶ್ಚಾತ್ತಾಪಪಟ್ಟ ದುರ್ಬಲನನ್ನು. ಲಾಡ್ಜ್ ಗುಟ್ಟಾಗಿ ಕಾಯುವ ಮಾತು ತಾರಕವಾಗಿದ್ದರೆ ಅದನ್ನು ಬಚ್ಚಿಡುವುದು ಹೇಗೆ? ನಮ್ಮ ಸೀಮೆಗೆ ಈ ಪ್ರಶ್ನೆ ಹೊಸದಲ್ಲ. ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜರು, ಗುರು ಗುಟ್ಟಾಗಿ ಕೊಟ್ಟ ಮಂತ್ರವನ್ನು ತಿರುಕೋಷ್ಟಿಯೂರಿನ ಗೋಪುರವೇರಿ ಎಲ್ಲರಿಗೂ ಕೂಗಿ ಹೇಳಿದರೆಂಬ ಕಥೆಯನ್ನು ಇಲ್ಲಿ ಕೇಳದವರು ಕಡಿಮೆ. ಕೇಳಿದವರೆಲ್ಲ ಉದ್ಧಾರವಾಗುವುದಾದರೆ ತಾನೊಬ್ಬ ನರಕಕ್ಕೆ ಹೋದರೂ ಸರಿ ಎಂದರಂತೆ. ಯೇಸುವೂ ಮಹಾಯಾಜಕನ ಮುಂದೆ ನಿಂತಾಗ, ತಾನು ಲೋಕದೆದುರು ಬಹಿರಂಗವಾಗಿ ಮಾತಾಡಿದ್ದೇನೆ, ಗುಟ್ಟಾಗಿ ಏನನ್ನೂ ಹೇಳಿಲ್ಲ ಎಂದದ್ದನ್ನು ಯೋಹಾನನ ಸುವಾರ್ತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಓದುತ್ತೇವೆ.

ನನ್ನನ್ನು ನಿಜವಾಗಿ ತಡೆಯುವುದು ಪ್ರಮಾಣ ಮತ್ತು ಪ್ರಾರ್ಥನೆ. ಮೂರು ಮೆಟ್ಟಿಲುಗಳಲ್ಲಿ ದೀಕ್ಷೆ. ಪ್ರತಿಯೊಂದರಲ್ಲೂ ಪವಿತ್ರಗ್ರಂಥದ ಮೇಲೆ ಕೈಯಿಟ್ಟು ಪ್ರತಿಜ್ಞೆ. ಮುಂದೆ ತಿಳಿಯಲಿರುವುದನ್ನು ಬಯಲು ಮಾಡುವುದಿಲ್ಲವೆಂದು, ಅದು ಏನೆಂದು ತಿಳಿಯುವ ಮೊದಲೇ ಮಾತು ಕೊಡಬೇಕು. ಆ ಮಾತುಗಳಲ್ಲಿದ್ದ ಭೀಕರ ದೇಹದಂಡನೆಯ ವರ್ಣನೆಯನ್ನು ಇಂಗ್ಲೆಂಡಿನ ಮಹಾಲಾಡ್ಜ್ 1986ರಲ್ಲಿ ತೆಗೆದುಹಾಕಿತು. ಒಳ್ಳೆಯದೇ ಆಯಿತು. ಆದರೆ ಆಣೆಯೇ ಇಡಬೇಡಿ, ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎಂದಿರಲಿ ಎಂದು ಬೆಟ್ಟದ ಮೇಲೆ ಕಲಿಸಿದ ಯೇಸುವಿನ ಶಿಷ್ಯ, ಇನ್ನೂ ಕಾಣದ ಸಂಗತಿಗೆ ತನ್ನ ಮನಸ್ಸಾಕ್ಷಿಯನ್ನು ಮುಂಗಡವಾಗಿ ಒತ್ತೆಯಿಡಬಹುದೇ? ಕೋರ್ಟಿನ ಪ್ರಮಾಣ ಬೇರೆ. ಅಲ್ಲಿ ಕೇಳುವುದು ನಿಜ ಹೇಳು ಎಂಬುದನ್ನಷ್ಟೇ.

ಪ್ರಾರ್ಥನೆಯ ತೊಡಕು ಇನ್ನೂ ಆಳದ್ದು. ಲಾಡ್ಜಿನಲ್ಲಿ ದೇವರನ್ನು ವಿಶ್ವದ ಮಹಾಶಿಲ್ಪಿ ಎಂದು ಕರೆಯುತ್ತಾರೆ. ಎಲ್ಲ ಮತದವರೂ ಒಟ್ಟಿಗೆ ನಿಲ್ಲಲು ಕ್ರಿಸ್ತನ ಹೆಸರು ಹೊರಗುಳಿಯಬೇಕು. ಇದು ಮತವಲ್ಲ, ಶಾಲೆಯ ಬೆಳಗಿನ ಪ್ರಾರ್ಥನೆಯ ಹಾಗೆ ಸರ್ವರಿಗೂ ಸಲ್ಲುವ ನಾಲ್ಕು ಮಾತು ಎಂದು ಕ್ರೈಸ್ತ ಮೇಸನ್ನರು ಹೇಳುತ್ತಾರೆ. ಆದರೆ ಶಾಲೆಯಲ್ಲಿ ಪೀಠವಿಲ್ಲ, ಪ್ರತಿಜ್ಞೆಯಿಲ್ಲ. ಹಿರಾಮ್ ಎಂಬ ಶಿಲ್ಪಿಯ ಸಾವನ್ನು ದೀಕ್ಷಾರ್ಥಿಯೇ ಅಭಿನಯಿಸಿ ಮೇಲಕ್ಕೆಬ್ಬಿಸಿಕೊಳ್ಳುವ ಮೂರನೆಯ ಮೆಟ್ಟಿಲೂ ಇಲ್ಲ. ಸತ್ತು ಏಳುವುದೆಂದರೆ ಕ್ರೈಸ್ತನಿಗೆ ಒಂದೇ ಅರ್ಥ. ಆ ಅರ್ಥವನ್ನು ಕ್ರಿಸ್ತನಿಲ್ಲದೆ ಮಂಡಿಯೂರಿ ಅಭಿನಯಿಸುವುದು ಕ್ಲಬ್ಬಿನ ಶಿಷ್ಟಾಚಾರ ಎಂದು ನನಗೆ ಅನ್ನಿಸುವುದಿಲ್ಲ.

ಮತಗಳು ಕೂಡಿ ಬಾಳಲು ಹೆಸರನ್ನು ಹೊರಗಿಡಲೇಬೇಕೇ? ಮೈಸೂರು ಹಾಗೆ ಬಾಳಿಲ್ಲ. ಫಿಲೋಮಿನಾ ಚರ್ಚಿನ ಪಾಯ ತೆಗೆಯುವಾಗ ಅಲ್ಲಿದ್ದ ಹಳೆಯ ಚರ್ಚಿನ ಶಾಸನ ಸಿಕ್ಕಿತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ, 1843ರ ಶಾಸನ. ಸಕಲ ಲೋಕಗಳನ್ನೂ ಜೀವಿಗಳನ್ನೂ ಸೃಷ್ಟಿಸಿ ಕಾಯುವ ಒಬ್ಬನೇ ಒಡೆಯನ ಹೆಸರಿನಿಂದ ಅದು ತೊಡಗುತ್ತದೆ. ಅಲ್ಲಿಯವರೆಗೆ ಯಾವ ಮೈಸೂರಿನವನೂ, ಯಾವ ಮೇಸನ್‌ನೂ ತಲೆಯಾಡಿಸಬಹುದು. ಆದರೆ ಶಾಸನ ಅಲ್ಲಿಗೆ ನಿಲ್ಲದೆ ಜಗದ ಬೆಳಕಾದ ಯೇಸು ಕ್ರಿಸ್ತ ಮನುಷ್ಯನಾಗಿ ಹುಟ್ಟಿದ ವರ್ಷದಿಂದ ತನ್ನ ಕಾಲವನ್ನು ಎಣಿಸುತ್ತದೆ. ದೊರೆ ಹಿಂದೂ, ನೆಲ ಚಾಮುಂಡಿಯದು, ಆದರೂ ಹೆಸರು ಬಯಲಲ್ಲಿ. ನಾಲ್ವಡಿಯವರ ಹುಜೂರ್ ಕಾರ್ಯದರ್ಶಿಯಾಗಿದ್ದ ತಂಬುಚೆಟ್ಟಿಯವರು ಕಥೋಲಿಕರಾಗಿಯೇ ಆಸ್ಥಾನದಲ್ಲಿದ್ದರು. ಸಂತ ಫಿಲೋಮಿನಾಳ ಅವಶೇಷ ಇಲ್ಲಿಗೆ ಬಂದದ್ದೂ ಅವರ ಮೂಲಕವೇ. ಆಷಾಢ ಶುಕ್ರವಾರ ಬೆಟ್ಟದ ಮೆಟ್ಟಿಲು ಹತ್ತುವವರೂ ಭಾನುವಾರ ಪೂಜೆಗೆ ಹೋಗುವವರೂ ಇಲ್ಲಿ ಅಕ್ಕಪಕ್ಕದ ಮನೆಯವರು. ಯಾರ ದೇವರು ಯಾರೆಂದು ಎಲ್ಲರಿಗೂ ಗೊತ್ತು. ಲಾಡ್ಜಿನ ಸೋದರತ್ವಕ್ಕಿಂತ ಈ ನೆರೆತನ ಹೆಚ್ಚು ಗಟ್ಟಿಯದೆಂದು ನಾನು ನಂಬುತ್ತೇನೆ.

ಹಾಗಾದರೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪರಾಗಿ 1953ರಲ್ಲಿ ರಾಣಿ ಎಲಿಜಬೆತ್‌ಗೆ ಕಿರೀಟ ತೊಡಿಸಿದ ಜೆಫ್ರಿ ಫಿಷರ್ ಮೇಸನ್ ಆಗಿದ್ದರಲ್ಲ ಎಂದು ಕೇಳುವವರಿದ್ದಾರೆ. ಆಗಿದ್ದರು, ಅವರ ಭಕ್ತಿಯನ್ನು ನಾನು ಶಂಕಿಸುವುದಿಲ್ಲ. ಆದರೆ ಅದೇ ಆಂಗ್ಲಿಕನ್ ಸಭೆಯ ಮಹಾಸಭೆ 1987ರಲ್ಲಿ ಒಪ್ಪಿದ ವರದಿ ಮೇಸನ್ ಸಂಘಕ್ಕೂ ಕ್ರೈಸ್ತಧರ್ಮಕ್ಕೂ ಇರುವ ಹೊಂದಾಣಿಕೆಯ ಬಗ್ಗೆ ಮೂಲಭೂತ ಸಂದೇಹಗಳನ್ನು ಎತ್ತಿತು. ಮೈಸೂರಿಗೆ ವೆಸ್ಲಿಯನ್ ಮಿಷನರಿಗಳನ್ನು ಕಳಿಸಿದ ಬ್ರಿಟನ್ನಿನ ಮೆಥಡಿಸ್ಟ್ ಸಭೆ 1985ರಲ್ಲೇ ಸದಸ್ಯರಿಗೆ ಸೇರಬೇಡಿರೆಂದು ಸಲಹೆ ಮಾಡಿತ್ತು. ರೋಮ್ 1983ರ ನವೆಂಬರ್‌ನಲ್ಲಿ, ಮತ್ತೆ 2023ರ ನವೆಂಬರ್‌ನಲ್ಲಿ, ನಿಷೇಧ ಹಾಗೆಯೇ ಇದೆ ಎಂದಿತು. ಸೇರಿದ ಕಥೋಲಿಕನು ಪರಮಪ್ರಸಾದ ಸ್ವೀಕರಿಸುವಂತಿಲ್ಲ. ಬೇರೆ ಬೇರೆ ದಾರಿಯ ಮೂರು ಸಭೆಗಳು ಒಂದೇ ಕಡೆ ವಾಲಿದ್ದು ಆಕಸ್ಮಿಕವಲ್ಲ.

ಈಗಾಗಲೇ ಸೇರಿರುವ ಕ್ರೈಸ್ತರನ್ನು ಬೀದಿಯಲ್ಲಿ ನಿಲ್ಲಿಸಿ ಅವಮಾನಿಸುವುದನ್ನು ನಾನು ಒಪ್ಪಲಾರೆ. ಸ್ನೇಹಿತರು ಕರೆದರು, ಹೋದೆ ಎನ್ನುವವರೇ ಹೆಚ್ಚು. ಅವರೊಂದಿಗೆ ಪಾದ್ರಿ ಕೂತು ಮಾತಾಡಬೇಕು. ಇನ್ನೂ ಸೇರದೆ ಯೋಚಿಸುತ್ತಿರುವವರಿಗೆ ನಾನು ಕೇಳಿಕೊಳ್ಳುವುದು ಇಷ್ಟೆ: ಆ ವಿಧಿಗಳ ಪಠ್ಯ ಇಂದು ಅಚ್ಚಾಗಿ ಸಿಗುತ್ತದೆ. ಮೂರೂ ಪ್ರತಿಜ್ಞೆಗಳನ್ನು ಹೆಂಡತಿಯೊಂದಿಗೆ, ನಿಮ್ಮ ಸಭಾಪಾಲಕರೊಂದಿಗೆ ಕೂತು ಗಟ್ಟಿಯಾಗಿ ಓದಿ. ಆಮೇಲೆ ಅಲ್ಲಿಯ ಪ್ರಾರ್ಥನೆಯ ಕೊನೆಗೆ ಯೇಸುವಿನ ಹೆಸರಲ್ಲಿ ಎಂದು ಸೇರಿಸಬಹುದೇ ಎಂದು ನಿಮ್ಮನ್ನು ಕರೆದ ಸೋದರನನ್ನು ಕೇಳಿ ನೋಡಿ.